ಭುಜದ ಮೇಲಿನ ಅಕ್ಷರ ನೋಡು

ಕಳೆದ ಶ್ರಾವಣದಲ್ಲಿ ನಮ್ಮ ಸೋದರಮಾವ ಚೆನ್ನೈನಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಬಂದರು. ಹತ್ತುವಾಗ ಮೂರು ಬ್ಯಾಗ್ ಇದ್ದವು, ಇಳಿಯುವಾಗ ಎರಡೇ. ಹೋದ ಬ್ಯಾಗಿನಲ್ಲಿ ಒಂದು ಜೊತೆ ಬೆಳ್ಳಿ ಕುಂಕುಮ ಭರಣಿ, ಒಂದು ಜರಿ ಪಂಚೆ, ಅರ್ಧ ಕೆಜಿ ಮೈಸೂರು ಪಾಕ್ ಇತ್ತು. ಚೆನ್ನೈನಿಂದ ಬೆಂಗಳೂರಿಗೆ ಯಾರಾದರೂ ಮೈಸೂರು ಪಾಕ್ ತರುತ್ತಾರಾ ಅಂತ ನನ್ನನ್ನು ಕೇಳಬೇಡಿ. ಮಾವನನ್ನೂ ಕೇಳಬೇಡಿ, ಇನ್ನೂ ಬೇಜಾರಿನಲ್ಲಿದ್ದಾರೆ.

ಬೆಳಗಿನ ಜಾವ ಫೋನ್ ಬಂತು. ನಾಗರಭಾವಿಯಿಂದ ಸ್ಕೂಟರ್ ಹತ್ತಿ ಸ್ಟೇಷನ್‌ಗೆ ಹೋದೆ. ಪ್ಲಾಟ್‌ಫಾರ್ಮ್‌ನಲ್ಲಿ ಖಾಕಿ ಹಾಕಿದ ಒಬ್ಬ ಹುಡುಗ ನಿಂತಿದ್ದ. ಮಾವ ಅವನ ಮುಂದೆ ಎಲ್ಲ ಹೇಳಿಕೊಂಡರು. ಅವನು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ತುಂಬಾ ಮರ್ಯಾದೆಯಿಂದಲೇ ಹೇಳಿದ: "ಸಾರ್, ನಾನು ಆರ್‌ಪಿಎಫ್, ರೈಲ್ವೆ ರಕ್ಷಣಾ ಪಡೆ. ಎಫ್‌ಐಆರ್ ಮಾಡೋದು ಜಿಆರ್‌ಪಿ, ರೈಲ್ವೆ ಪೊಲೀಸ್. ಬನ್ನಿ, ತೋರಿಸ್ತೀನಿ."

ಮಾವನಿಗೆ ಪಿತ್ತ ನೆತ್ತಿಗೇರಿತು. "ಪೊಲೀಸ್ ಅಂದ್ರೆ ಪೊಲೀಸ್ ಅಲ್ವೇನಪ್ಪಾ? ಅದರಲ್ಲಿ ಮತ್ತೆ ನೀನು ಬೇರೆ, ಅವನು ಬೇರೆ?"

ಹುಡುಗ ನಕ್ಕು ನಮ್ಮನ್ನು ಅಲ್ಲಿಯವರೆಗೂ ಕರೆದುಕೊಂಡು ಹೋದ. ಒಳಗೆ ರೈಟರ್ ಕೂತಿದ್ದರು. ಎಲ್ಲಿ ಕಳೆದುಹೋಯಿತು ಅಂತ ಕೇಳಿದರು. ಕಾಟ್ಪಾಡಿಯಲ್ಲಿ ಎದ್ದು ನೀರು ಕುಡಿದಾಗ ಬ್ಯಾಗ್ ತಲೆ ಹತ್ತಿರ ಇತ್ತು, ಬಂಗಾರಪೇಟೆಯಲ್ಲಿ ಕಣ್ಣು ಬಿಟ್ಟಾಗ ಇರಲಿಲ್ಲ ಅಂದರು ಮಾವ. ರೈಟರ್ ಪೆನ್ನು ಕೆಳಗಿಟ್ಟರು.

"ಒಳ್ಳೇ ಜಾಗ ನೋಡಿ ಕಳ್ಕೊಂಡಿದ್ದೀರಾ ಸಾರ್. ಮೂರು ರಾಜ್ಯ ಆಯ್ತು."

ನಿಜ. ಕಾಟ್ಪಾಡಿ, ಜೋಲಾರ್‌ಪೇಟೆ ತಮಿಳುನಾಡು. ಮುಂದೆ ಕುಪ್ಪಂ ಬಂದರೆ ಆಂಧ್ರ. ಅದು ದಾಟಿ ಬಂಗಾರಪೇಟೆಗೆ ಬಂದರೆ ನಮ್ಮ ಕೋಲಾರ ಜಿಲ್ಲೆ. ಮಾವ ಒಂದು ಸಲ ಮಗ್ಗುಲು ಬದಲಿಸುವಷ್ಟರಲ್ಲಿ ಮೂರು ರಾಜ್ಯದ ರೈಲ್ವೆ ಪೊಲೀಸರ ಸರಹದ್ದು ದಾಟಿದೆ. ಕಳ್ಳ ಯಾವ ರಾಜ್ಯದಲ್ಲಿ ಕೈ ಹಾಕಿದ, ಯಾವ ರಾಜ್ಯದಲ್ಲಿ ಇಳಿದ, ದೇವರಿಗೇ ಗೊತ್ತು. ಕೊನೆಗೆ ಝೀರೋ ಎಫ್‌ಐಆರ್ ಮಾಡಿದರು. ಅಂದರೆ ಎಲ್ಲಿ ನಡೆದಿದ್ದರೂ ಇಲ್ಲಿ ಬರೆದುಕೊಂಡು, ಆ ಸರಹದ್ದಿನ ಸ್ಟೇಷನ್‌ಗೆ ಕಳಿಸುವುದು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲಿ, ಇದನ್ನು ಸ್ಪಷ್ಟವಾಗಿ ಹಾಕಿದ್ದಾರೆ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಟ್ಟರು. ಮಾವ ಅದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡರು, ಬ್ಯಾಗೇ ಸಿಕ್ಕಿದ ಹಾಗೆ.

ಮನೆಗೆ ಬಂದಾಗ ಅಪ್ಪ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತಿದ್ದರು. ಅಪ್ಪ ರಾಜ್ಯದ ಮೀಸಲು ಪೊಲೀಸ್ ಪಡೆ ಕೆಎಸ್‌ಆರ್‌ಪಿಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ರಿಟೈರ್ ಆದವರು. ನಾನು ಹುಟ್ಟಿ ಬೆಳೆದಿದ್ದು ಕೋರಮಂಗಲದ ಕ್ವಾರ್ಟರ್ಸ್‌ನಲ್ಲಿ. ಮಾವ ಗೊಣಗಾಡಿದ್ದನ್ನೆಲ್ಲ ಕೇಳಿದ ಮೇಲೆ ಅಪ್ಪ ಬ್ಯಾಗಿನ ವಿಷಯ ಕೇಳಲಿಲ್ಲ. "ಭುಜದ ಮೇಲೆ ಏನು ಬರೆದಿತ್ತು?" ಅಂತ ಕೇಳಿದರು.

"ಯಾರ ಭುಜ?" ಅಂದರು ಮಾವ.

"ಮೊದಲು ಸಿಕ್ಕಿದನಲ್ಲ ಹುಡುಗ, ಅವನ ಭುಜ. ಖಾಕಿ ಎಲ್ಲ ಒಂದೇ ಅಂಗಡಿ ಬಟ್ಟೆ ಕಣಯ್ಯಾ. ಅಕ್ಷರ ನೋಡಬೇಕು."

ಅಪ್ಪನಿಗೆ ಇದರ ಮೇಲೆ ಒಂದು ಸಿದ್ಧಾಂತ ಇದೆ. ಚಿಕ್ಕವಳಿದ್ದಾಗಿಂದ ಕೇಳಿಕೊಂಡು ಬಂದಿದ್ದೇನೆ. ಒಬ್ಬ ಪೊಲೀಸ್ ಯಾರ ಪೊಲೀಸ್ ಅಂತ ತಿಳಿಯಬೇಕಾದರೆ ಮೂರು ಪ್ರಶ್ನೆ ಕೇಳು. ಸಂಬಳ ಯಾರು ಕೊಡುತ್ತಾರೆ? ಟ್ರಾನ್ಸ್‌ಫರ್ ಯಾರು ಮಾಡುತ್ತಾರೆ? ಕೆಲಸದಿಂದ ಯಾರು ತೆಗೆಯಬಹುದು? ಮೂರಕ್ಕೂ ಒಂದೇ ಉತ್ತರ ಬಂದರೆ ಸರಿ. ಬೇರೆ ಬೇರೆ ಉತ್ತರ ಬಂದರೆ ಅಲ್ಲಿ ಏನೋ ರಾಜಕೀಯ ಇದೆ ಅಂತ ತಿಳಿ.

ನಾನು ರಾಜಾಜಿನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ದುಡ್ಡು ಎಲ್ಲಿಂದ ಬಂತು ಅಂತ ನೋಡುವುದೇ ನನ್ನ ಕಸುಬು. ಅದಕ್ಕೇ ಇರಬೇಕು, ಅಪ್ಪನ ಮೊದಲನೇ ಪ್ರಶ್ನೆ ನನಗೆ ತುಂಬಾ ಇಷ್ಟ. ಆವತ್ತಿನಿಂದ ಈ ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಸಂಜೆ ಹೊತ್ತು ಸುಮ್ನೆ ಓದುತ್ತಾ ಹೋದೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇವೆ. ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ್ದು. ರಾಜ್ಯ ಪಟ್ಟಿಯ ಮೊಟ್ಟಮೊದಲ ಸಾಲೇ ಸಾರ್ವಜನಿಕ ಸುವ್ಯವಸ್ಥೆ. ಎರಡನೇ ಸಾಲು ಪೊಲೀಸ್. ಶಾಲೆ, ಆಸ್ಪತ್ರೆ, ಕೃಷಿ ಎಲ್ಲಕ್ಕಿಂತ ಮೊದಲು ಇದು. ಬ್ರಿಟಿಷರ 1935ರ ಕಾಯ್ದೆಯಲ್ಲೂ ಪೊಲೀಸ್ ಪ್ರಾಂತ್ಯಗಳ ಕೈಯಲ್ಲೇ ಇತ್ತು. ಸಂವಿಧಾನ ಬರೆದವರು ಅದನ್ನು ಹಾಗೇ ಉಳಿಸಿಕೊಂಡರು. ಆದರೆ ಯಾವುದು ಅಪರಾಧ, ಅದಕ್ಕೆ ಏನು ಶಿಕ್ಷೆ, ಅರೆಸ್ಟ್ ಹೇಗೆ ಮಾಡಬೇಕು ಅನ್ನುವುದೆಲ್ಲ ಇಬ್ಬರಿಗೂ ಸೇರಿದ ಪಟ್ಟಿಯಲ್ಲಿದೆ. ಅದಕ್ಕೇ ದೆಹಲಿಯಲ್ಲಿ ಹೊಸ ಸಂಹಿತೆ ಪಾಸಾದರೆ ನಮ್ಮ ಬ್ಯಾಡರಹಳ್ಳಿ ಸ್ಟೇಷನ್ನಿನ ಕಾನ್‌ಸ್ಟೆಬಲ್ ಹೊಸ ಸೆಕ್ಷನ್ ನಂಬರ್ ಬಾಯಿಪಾಠ ಮಾಡಬೇಕು. ಲಾಠಿ ರಾಜ್ಯದ್ದು, ಪುಸ್ತಕ ಬಹುಪಾಲು ದೆಹಲಿಯದ್ದು.

ಇನ್ನೊಂದು ವಿಷಯ ನೋಡಿ ಮಾವನಿಗೆ ಫೋನ್ ಮಾಡಿದೆ. ರಾಜ್ಯ ಪಟ್ಟಿಯಲ್ಲಿ ಬರೀ ಪೊಲೀಸ್ ಅಂತ ಇಲ್ಲ. ರೈಲ್ವೆ ಪೊಲೀಸ್ ಮತ್ತು ಗ್ರಾಮ ಪೊಲೀಸ್ ಕೂಡ ಇದರಲ್ಲಿ ಸೇರಿದೆ ಅಂತ ಬಿಡಿಸಿ ಬರೆದಿದ್ದಾರೆ. ಅಂದರೆ ರೈಲು ಕೇಂದ್ರದ್ದು, ಹಳಿ ಕೇಂದ್ರದ್ದು, ಟಿಕೆಟ್ ದುಡ್ಡು ಕೇಂದ್ರಕ್ಕೆ, ಆದರೆ ಆ ರೈಲಿನಲ್ಲಿ ಮಾವನ ಭರಣಿ ಕದ್ದವನನ್ನು ಹಿಡಿಯುವುದು ರಾಜ್ಯದ ಕೆಲಸ. ಅವರೇ ಜಿಆರ್‌ಪಿ. ಆರ್‌ಪಿಎಫ್ ಬೇರೆ. ಅದು 1957ರ ಕಾಯ್ದೆಯಿಂದ ಬಂದದ್ದು, ರೈಲ್ವೆ ಮಂತ್ರಾಲಯದ ಕೆಳಗಿದೆ. ರೈಲ್ವೆ ಆಸ್ತಿ ಕಾಯಬೇಕು, ಪ್ರಯಾಣಿಕರ ರಕ್ಷಣೆ ನೋಡಬೇಕು. 139ಕ್ಕೆ ಫೋನ್ ಮಾಡಿದರೆ ಸಹಾಯಕ್ಕೆ ಅವರೇ ಬರಬಹುದು. ಆದರೆ ಕಳ್ಳತನ, ಹಲ್ಲೆ, ಕೊಲೆ ಅಂತ ಬಂದರೆ ಕೇಸು ಜಿಆರ್‌ಪಿಗೆ. ನನಗೆ ನಗು ಬಂದದ್ದು ಲೆಕ್ಕದ ವಿಷಯಕ್ಕೆ. ಜಿಆರ್‌ಪಿಯ ಖರ್ಚನ್ನು ರೈಲ್ವೆ ಮತ್ತು ರಾಜ್ಯ ಅರ್ಧ ಅರ್ಧ ಹಂಚಿಕೊಳ್ಳುತ್ತವೆ. ಅಪ್ಪನ ಮೊದಲ ಪ್ರಶ್ನೆಯೇ ಇಲ್ಲಿ ಎರಡು ಹೋಳಾಯಿತು.

"ಟ್ರಾನ್ಸ್‌ಫರ್ ಯಾರು ಮಾಡ್ತಾರೆ?" ಅಂದರು ಅಪ್ಪ.

"ರಾಜ್ಯ."

"ಹಂಗಾದ್ರೆ ರಾಜ್ಯದ ಪೊಲೀಸೇ. ದುಡ್ಡು ಕೊಟ್ಟವನೆಲ್ಲ ಸಾಹೇಬನಲ್ಲ."

ಏರ್‌ಪೋರ್ಟ್‌ನದು ಇನ್ನೊಂದು ಕಥೆ. 90ರ ದಶಕದಲ್ಲಿ ಅಪ್ಪ ಕೆಲವು ಕಾಲ ಎಚ್‌ಎಎಲ್ ಏರ್‌ಪೋರ್ಟ್‌ನಲ್ಲಿ ಡ್ಯೂಟಿ ಮಾಡಿದ್ದರು. ಆಗ ವಿಮಾನ ನಿಲ್ದಾಣ ಕಾಯುತ್ತಿದ್ದದ್ದು ಆಯಾ ರಾಜ್ಯದ ಪೊಲೀಸರೇ. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಹಾರ್‌ಗೆ ಅಪಹರಿಸಿಕೊಂಡು ಹೋದರಲ್ಲ, ಅದಾದ ಮೇಲೆ ಎಲ್ಲ ಬದಲಾಯಿತು. 2000ದಲ್ಲಿ ಜೈಪುರದಿಂದ ಶುರು ಮಾಡಿ ಒಂದೊಂದೇ ಏರ್‌ಪೋರ್ಟ್ ಕೇಂದ್ರದ ಕೈಗಾರಿಕಾ ಭದ್ರತಾ ಪಡೆ ಸಿಐಎಸ್‌ಎಫ್ ಕೈಗೆ ಹೋಯಿತು. ಈಗ ಕೆಂಪೇಗೌಡ ಏರ್‌ಪೋರ್ಟ್ ಬಾಗಿಲಲ್ಲಿ ನಿಮ್ಮ ಆಧಾರ್ ನೋಡುವವರು ಸಿಐಎಸ್‌ಎಫ್. ಒಳಗೆ ಯಾರಾದರೂ ಹೊಡೆದಾಡಿದರೆ ಸಿಐಎಸ್‌ಎಫ್‌ನವರು ಹಿಡಿಯುತ್ತಾರೆ. ಆದರೆ ಕೇಸು ಬರೆಯುವುದು ನಮ್ಮ ರಾಜ್ಯದ ಏರ್‌ಪೋರ್ಟ್ ಪೊಲೀಸ್ ಸ್ಟೇಷನ್. ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವವರು ಮತ್ತೆ ಕೇಂದ್ರದ ಇನ್ನೊಂದು ಇಲಾಖೆ. ಇದೆಲ್ಲದರ ಖರ್ಚು ಯಾರದು ಅಂತೀರಾ? ನಿಮ್ಮ ಟಿಕೆಟ್ ತೆಗೆದು ನೋಡಿ. ಸೆಕ್ಯೂರಿಟಿ ಫೀ ಅಂತ ಒಂದು ಸಾಲು ಇರುತ್ತದೆ. 2009ರಲ್ಲಿ ಕಾನೂನು ತಿದ್ದಿ ಖಾಸಗಿ ಕಂಪನಿಗಳಿಗೂ ಸಿಐಎಸ್‌ಎಫ್ ಕೊಡಲು ಶುರು ಮಾಡಿದರು. ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್‌ಗೆ ಅದೇ ವರ್ಷ ಬಂತು. ಕಂಪನಿ ದುಡ್ಡು ಕಟ್ಟುತ್ತದೆ, ದೆಹಲಿ ಪಡೆ ಕಳಿಸುತ್ತದೆ. ನಮ್ಮ ಮೆಟ್ರೋದಲ್ಲಿ ಮಾತ್ರ ಇವರಿಲ್ಲ. ದೆಹಲಿ ಮೆಟ್ರೋಗೆ ಹೋದರೆ ಬ್ಯಾಗ್ ನೋಡುವವರು ಅವರೇ.

ಅಪ್ಪ ಈ ವಿಷಯದಲ್ಲಿ ಜಾಸ್ತಿ ಮಾತಾಡುವುದು ಮಲೆ ಮಹದೇಶ್ವರ ಬೆಟ್ಟದ ಬಗ್ಗೆ. ವೀರಪ್ಪನ್ ಕಾಲ. ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆ ಎಸ್‌ಟಿಎಫ್ ಜೊತೆಗೆ ಬಿಎಸ್‌ಎಫ್‌ನವರೂ ಬಂದಿದ್ದರು. ಗಡಿ ಕಾಯಬೇಕಾದವರು ಕಾಡಿನಲ್ಲಿ. ಅಪ್ಪನ ಪ್ಲಟೂನ್ ಒಂದು ಚೆಕ್‌ಪೋಸ್ಟ್‌ನಲ್ಲಿ ಇತ್ತು. ಬಿಎಸ್‌ಎಫ್ ಹುಡುಗರಿಗೆ ಕನ್ನಡ ಬಾರದು, ತಮಿಳು ಬಾರದು. ಹಾಡಿಯ ಸೋಲಿಗರ ಮಾತು ಕೇಳಿದರೆ ಬೆಪ್ಪಾಗಿ ನಿಲ್ಲುತ್ತಿದ್ದರಂತೆ. ರಾತ್ರಿ ಯಾವುದಾದರೂ ಲಾರಿ ನಿಲ್ಲಿಸಿದರೆ ಡ್ರೈವರ್ ಹತ್ತಿರ ಮಾತಾಡಲು ಅಪ್ಪನನ್ನು ಎಬ್ಬಿಸುತ್ತಿದ್ದರು. ಅಪ್ಪ ಹಿಂದಿ ಕಲಿತದ್ದೇ ಅಲ್ಲಿ. ಇವತ್ತಿಗೂ ಅವರ ಹಿಂದಿಯಲ್ಲಿ ಅರ್ಧ ಮಾತು ಲಾರಿ ತಡೆಯುವುದಕ್ಕೆ, ಇನ್ನರ್ಧ ರೊಟ್ಟಿ ಕೇಳುವುದಕ್ಕೆ.

"ಬಂದೂಕು ಅವರ ಹತ್ರ ಚೆನ್ನಾಗಿತ್ತು. ಊರು ನಮ್ಮ ಹತ್ರ ಇತ್ತು" ಅನ್ನುತ್ತಾರೆ ಅಪ್ಪ.

ಕೇಂದ್ರದ ಪಡೆ ರಾಜ್ಯಕ್ಕೆ ಬರುವುದು ಇಲ್ಲಿನ ಆಡಳಿತಕ್ಕೆ ಸಹಾಯ ಮಾಡಲು. ಕಾನೂನಿನ ಮಾತೂ ಅದೇ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ಆಗಿ ಬೆಂಗಳೂರಿನ 16 ಸ್ಟೇಷನ್ ಸರಹದ್ದಿನಲ್ಲಿ ಕರ್ಫ್ಯೂ ಹಾಕಿದಾಗ ಕೇಂದ್ರದ ಗಲಭೆ ತಡೆ ಪಡೆ, ನೀಲಿ ಬಟ್ಟೆಯ ಆರ್‌ಎಎಫ್, ಬಂದದ್ದು ನೆನಪಿರಬೇಕು. ನಮ್ಮ ಮನೆ ಹತ್ತಿರ ರಿಂಗ್ ರೋಡಿನಲ್ಲಿ ಲಾರಿ ಸುಟ್ಟ ವಾಸನೆ ಎರಡು ದಿನ ಇತ್ತು. ಇಂಥ ಪಡೆ ಕಳಿಸಿದ್ದಕ್ಕೆ ಕೇಂದ್ರ ಗೃಹ ಇಲಾಖೆ ರಾಜ್ಯಕ್ಕೆ ಬಿಲ್ ಕೂಡ ಕಳಿಸುತ್ತದೆ. ರಾಜ್ಯ ಕೇಳದೇ ಕಳಿಸಬಹುದಾ? ಇದರ ಮೇಲೆ ಹಳೇ ಜಗಳ ಇದೆ. 1968ರಲ್ಲಿ ಕೇಂದ್ರ ನೌಕರರ ಮುಷ್ಕರದ ಹೊತ್ತಿಗೆ ಕೇರಳಕ್ಕೆ ಕೇಂದ್ರದ ಮೀಸಲು ಪೊಲೀಸ್ ಸಿಆರ್‌ಪಿ ಕಳಿಸಿದಾಗ ಅಲ್ಲಿನ ಇಎಂಎಸ್ ನಂಬೂದಿರಿಪಾಡ್ ಸರ್ಕಾರ ಒಪ್ಪಿರಲಿಲ್ಲ. ಮುಂದೆ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, 42ನೇ ತಿದ್ದುಪಡಿ ಬಂತು. ಕೇಂದ್ರ ಪಟ್ಟಿಗೆ 2ಎ ಅಂತ ಹೊಸ ಸಾಲು ಸೇರಿಸಿದರು. ರಾಜ್ಯಗಳಲ್ಲಿ ಕೇಂದ್ರದ ಸಶಸ್ತ್ರ ಪಡೆ ಇಳಿಸುವುದು ಕೇಂದ್ರದ ವಿಷಯ ಅಂತ ಅದರ ಅರ್ಥ. ರಾಜ್ಯ ಪಟ್ಟಿಯ ಪೊಲೀಸ್ ಸಾಲಿಗೂ ಆಗಲೇ ಬಾಲ ಹಚ್ಚಿದರು. ಇದು 2ಎ ಸಾಲಿಗೆ ಒಳಪಟ್ಟಿದೆ ಅಂತ.

ಅಪ್ಪನ ಮೂರು ಪ್ರಶ್ನೆ ಪೂರ್ತಿ ಕೈಕೊಡುವುದು ಐಪಿಎಸ್ ಹತ್ತಿರ. ನೇಮಕ ಮಾಡುವುದು ಕೇಂದ್ರ, ತರಬೇತಿ ಹೈದರಾಬಾದಿನ ರಾಷ್ಟ್ರೀಯ ಅಕಾಡೆಮಿಯಲ್ಲಿ. ಕರ್ನಾಟಕ ಕೇಡರ್ ಸಿಕ್ಕಿದರೆ ಸಂಬಳ ಕರ್ನಾಟಕದ್ದು, ಟ್ರಾನ್ಸ್‌ಫರ್ ಕರ್ನಾಟಕದ್ದು. ಅಮಾನತು ಕೂಡ ರಾಜ್ಯ ಮಾಡಬಹುದು. ಆದರೆ ಕೆಲಸದಿಂದ ವಜಾ ಮಾಡಲು ಕೇಂದ್ರವೇ ಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನ ರಾಜ್ಯ ಸರ್ಕಾರ ನಗರದ ಪೊಲೀಸ್ ಕಮಿಷನರ್ ಸೇರಿ ಐದು ಅಧಿಕಾರಿಗಳನ್ನು ಅಮಾನತು ಮಾಡಿತು. ಅದರಲ್ಲಿ ಮೂವರು ಐಪಿಎಸ್. ಅವರಲ್ಲಿ ಒಬ್ಬರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದರು. ಜುಲೈ 1ಕ್ಕೆ ಆ ಅಮಾನತು ರದ್ದಾಯಿತು. ಅಪ್ಪ ಆವತ್ತು ಟಿವಿ ಮುಂದೆ ಕೂತು ಒಂದೇ ಮಾತು ಹೇಳಿದರು: "ದೊಡ್ಡವರಿಗೆ ಡೆಲ್ಲಿ ಬಾಗಿಲೂ ಉಂಟು. ನಮಗೆ ಇದ್ದದ್ದು ಕಮಾಂಡೆಂಟ್ ಬಾಗಿಲು ಒಂದೇ." ನಾನು ಈ ಏರ್ಪಾಡನ್ನು ಬೈಯಲಾರೆ. ಎರಡು ಯಜಮಾನರಿರುವ ಅಧಿಕಾರಿಗೆ ಒಬ್ಬ ಯಜಮಾನನ ತಪ್ಪು ಆಜ್ಞೆಗೆ ಇಲ್ಲ ಅನ್ನಲು ಸ್ವಲ್ಪ ಧೈರ್ಯ ಇರುತ್ತದೆ, ಲೆಕ್ಕದಲ್ಲಾದರೂ. ಆದರೆ ಆ ಧೈರ್ಯ ಹೆಡ್ ಕಾನ್‌ಸ್ಟೆಬಲ್‌ಗೆ ಯಾಕೆ ಬೇಡ ಅಂತ ಅಪ್ಪ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಈಗ ಸಿಬಿಐ. ಇದು ನಮ್ಮ ಮನೆಗೇ ಬಂತು.

ಅಂದರೆ ಫೋನಿನಲ್ಲಿ ಬಂತು. ದೀಪಾವಳಿ ಮುಗಿದ ವಾರ, ಮಧ್ಯಾಹ್ನ ಊಟದ ಹೊತ್ತು. ವಿಡಿಯೋ ಕಾಲ್. ಒಬ್ಬ ಖಾಕಿ ಹಾಕಿಕೊಂಡು ಕೂತಿದ್ದಾನೆ, ಹಿಂದೆ ಗೋಡೆ ಮೇಲೆ ಸಿಬಿಐ ಲಾಂಛನ. ನಿಮ್ಮ ಹೆಸರಲ್ಲಿ ಮುಂಬೈನಲ್ಲಿ ಪಾರ್ಸೆಲ್ ಸಿಕ್ಕಿದೆ, ಅದರಲ್ಲಿ ಡ್ರಗ್ಸ್ ಇದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಫೋನ್ ಕಟ್ ಮಾಡುವ ಹಾಗಿಲ್ಲ. ಅಮ್ಮ ಅನ್ನ ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರು. ಅಪ್ಪ ಕೈ ತೊಳೆದುಕೊಂಡು, ಕನ್ನಡಕ ಹಾಕಿಕೊಂಡು, ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿದರು. ಆಮೇಲೆ ಮಹದೇಶ್ವರ ಬೆಟ್ಟದ ಹಿಂದಿಯಲ್ಲಿ ಶುರು ಮಾಡಿದರು.

ಯಾವ ಸ್ಟೇಷನ್? ಕ್ರೈಂ ನಂಬರ್ ಎಷ್ಟು? ನಮ್ಮ ಲೋಕಲ್ ಸ್ಟೇಷನ್‌ಗೆ ಹೇಳಿದ್ದೀರಾ? ಕೊನೆಗೆ, "ಸಿಬಿಐನವರು ಕೇಸಿಗೆ ಬರುವಾಗ ಪ್ಯಾಂಟು ಶರ್ಟು ಹಾಕಿಕೊಂಡು ಬರ್ತಾರಲ್ಲಪ್ಪಾ, ನೀನು ಯಾಕೆ ಡ್ರೆಸ್ಸಲ್ಲಿದ್ದೀಯ? ಎಲ್ಲಿ, ಸ್ವಲ್ಪ ಭುಜ ತೋರಿಸು."

ಫೋನ್ ಅವನೇ ಕಟ್ ಮಾಡಿದ. ಅಪ್ಪ ವಾಪಸ್ ಕೂತು ಮಜ್ಜಿಗೆ ಅನ್ನ ಊಟ ಮಾಡಿದರು. ನಾನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅವನ ನಂಬರ್ ತಿಳಿಸಿದೆ. ಅದೂ ಒಂದು ಜಂಟಿ ಸಂಸಾರ. ಸಹಾಯವಾಣಿಯ ವ್ಯವಸ್ಥೆ ಕಟ್ಟಿದ್ದು ಕೇಂದ್ರ ಗೃಹ ಇಲಾಖೆಯ ಸೈಬರ್ ಕೇಂದ್ರ, ನಿಮ್ಮ ಕರೆ ಎತ್ತುವುದು ರಾಜ್ಯದ ಪೊಲೀಸ್. ದುಡ್ಡು ಹೋಗಿದ್ದರೆ ಕೇಸು ಇಲ್ಲಿನ ಸ್ಟೇಷನ್‌ನಲ್ಲೇ. ಅಂದ ಹಾಗೆ, ವಿಡಿಯೋ ಕಾಲಿನಲ್ಲಿ ಅರೆಸ್ಟ್ ಮಾಡುವ ಕಾನೂನು ಯಾವ ಸರ್ಕಾರದ ಹತ್ತಿರವೂ ಇಲ್ಲ. ಈ ಕಳ್ಳರು ಬದುಕುತ್ತಿರುವುದೇ ನಮ್ಮ ಗೊಂದಲದ ಮೇಲೆ. ಯಾರು ನಮ್ಮ ಬಾಗಿಲಿಗೆ ಬರಬಹುದು, ಯಾರು ಬರಬಾರದು, ಬಂದರೆ ಯಾರನ್ನು ಕೇಳಿ ಬರಬೇಕು ಅನ್ನುವುದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ನನಗೂ ಗೊತ್ತಿರಲಿಲ್ಲ. ಅಪ್ಪನ ಜಾಗದಲ್ಲಿ ನಾನಿದ್ದಿದ್ದರೆ ಹೆದರಿ ಬ್ಯಾಂಕ್ ಪಾಸ್‌ಬುಕ್ ತರಲು ಒಳಗೆ ಹೋಗುತ್ತಿದ್ದೆನೋ ಏನೋ.

ನಿಜವಾದ ಸಿಬಿಐ ಕೂಡ ಹಾಗೆಲ್ಲ ಎಲ್ಲಿ ಬೇಕಾದರೂ ನುಗ್ಗುವ ಹಾಗಿಲ್ಲ. ಬಳ್ಳಾರಿ ರೋಡಿನ ಗಂಗಾನಗರದಲ್ಲಿ ಅವರ ಆಫೀಸು ಇದೆ. ಬೋರ್ಡು ಸಿಬಿಐ ಅಂತ ಇದ್ದರೂ ಅವರ ಅಧಿಕಾರ ಬರುವುದು 1946ರ ಒಂದು ಹಳೇ ಕಾಯ್ದೆಯಿಂದ. ಅದರ ಹೆಸರು ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆ. ಸಿಬಿಐ ಅನ್ನುವ ಹೆಸರು ಬಂದದ್ದು 1963ರ ಏಪ್ರಿಲ್ 1ರಂದು, ಅದೂ ಗೃಹ ಇಲಾಖೆಯ ಒಂದು ನಿರ್ಣಯದಿಂದ. ಹುಟ್ಟಿನಿಂದ ಅದು ದೆಹಲಿಯ ಪೊಲೀಸು, ಆಮೇಲೆ ದೇಶಕ್ಕೆಲ್ಲ ಹರಡಿದ್ದು. ಆದ್ದರಿಂದ ಆ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದಲ್ಲಿ ತನಿಖೆ ಮಾಡಲು ಆ ರಾಜ್ಯದ ಒಪ್ಪಿಗೆ ಬೇಕು. ಎಷ್ಟೋ ರಾಜ್ಯಗಳು ಒಂದೇ ಸಲ ಎಲ್ಲದಕ್ಕೂ ಒಪ್ಪಿಗೆ ಕೊಟ್ಟಿರುತ್ತವೆ. ಕರ್ನಾಟಕ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ವಾಪಸ್ ತೆಗೆದುಕೊಂಡಿತು. ಈಗ ಒಂದೊಂದು ಕೇಸಿಗೂ ಕೇಳಿಕೊಂಡು ಬರಬೇಕು. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಹೇಳಿದರೆ ಮಾತ್ರ ಯಾರ ಒಪ್ಪಿಗೆಯೂ ಬೇಡ. ಬಳ್ಳಾರಿ ಗಣಿ ಕೇಸುಗಳಿಗೆ ಸಿಬಿಐ ಬಂದದ್ದು ಸುಪ್ರೀಂ ಕೋರ್ಟ್ ಬಾಗಿಲಿನಿಂದ.

ಒಪ್ಪಿಗೆ ವಾಪಸ್ ತಗೊಂಡಾಗ ನಮ್ಮ ಆಫೀಸಿನಲ್ಲಿ ಎರಡು ಬಣ ಆಯಿತು. ಕಳ್ಳರನ್ನು ಉಳಿಸಲು ಮಾಡಿದರು ಅಂತ ಒಬ್ಬರು, ಕೇಂದ್ರದ ಕಿರುಕುಳ ತಪ್ಪಿಸಲು ಮಾಡಿದರು ಅಂತ ಇನ್ನೊಬ್ಬರು. ಇಬ್ಬರೂ ಸರಿ ಇರಬಹುದು ಅಂತ ನಾನು ಅಂದೆ. ಇಬ್ಬರೂ ನನ್ನ ಮೇಲೆ ಬಿದ್ದರು. ದೇಶದಲ್ಲಿ ಒಪ್ಪಿಗೆ ವಾಪಸ್ ತಗೊಂಡ ರಾಜ್ಯಗಳನ್ನು ನೋಡಿದರೆ ಹೆಚ್ಚಿನವು ಆ ಹೊತ್ತಿಗೆ ದೆಹಲಿಯ ಎದುರು ಪಕ್ಷದ ಕೈಯಲ್ಲಿದ್ದವು. ಅದು ಕಾಕತಾಳೀಯ ಅಂತ ನಂಬುವಷ್ಟು ಮುಗ್ಧೆ ನಾನಲ್ಲ.

ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎಗೆ ಈ ಒಪ್ಪಿಗೆಯ ಕಟ್ಟುಪಾಡು ಇಲ್ಲ. ಅದು 2008ರ ಮುಂಬೈ ದಾಳಿ ಆದ ತಿಂಗಳೊಳಗೆ ಪಾಸಾದ ಕಾಯ್ದೆಯಿಂದ ಬಂದದ್ದು. ಭಯೋತ್ಪಾದನೆಯಂಥ ಕೆಲವು ಅಪರಾಧಗಳ ಪಟ್ಟಿ ಅದರಲ್ಲೇ ಇದೆ. ಅದರ ಕೆಲಸ ಹೇಗಿರುತ್ತದೆ ಅಂತ ನಾವು ಕಣ್ಣಾರೆ ನೋಡಿದ್ದೇವೆ. 2024ರ ಮಾರ್ಚ್ 1, ಶುಕ್ರವಾರ ಮಧ್ಯಾಹ್ನ, ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಕೇಸು ಬರೆದದ್ದು ಎಚ್‌ಎಎಲ್ ಪೊಲೀಸ್ ಸ್ಟೇಷನ್. ಓಡಾಡಿದ್ದು ನಗರ ಪೊಲೀಸಿನ ಅಪರಾಧ ವಿಭಾಗ ಸಿಸಿಬಿ. ಎರಡೇ ದಿನಕ್ಕೆ, ಮಾರ್ಚ್ 3ಕ್ಕೆ, ಕೇಂದ್ರ ಗೃಹ ಇಲಾಖೆ ಕೇಸನ್ನು ಎನ್‌ಐಎಗೆ ಕೊಟ್ಟಿತು. ಏಪ್ರಿಲ್ 12ಕ್ಕೆ ಇಬ್ಬರು ಕೋಲ್ಕತ್ತಾ ಹತ್ತಿರ ಸಿಕ್ಕಿಬಿದ್ದರು. ಬೆಂಗಳೂರಿನಲ್ಲಿ ಇಡ್ಲಿ ತಿನ್ನುವ ಜಾಗದಲ್ಲಿ ಬಾಂಬ್ ಇಟ್ಟು ಬಂಗಾಳದಲ್ಲಿ ಅಡಗಿ ಕೂತವರನ್ನು ಹುಡುಕಲು ಒಂದೇ ಕೈ ಇದ್ದರೆ ಒಳ್ಳೆಯದು. ಇದನ್ನು ನಾನು ಒಪ್ಪುತ್ತೇನೆ. ಮಾವನ ಬ್ಯಾಗಿಗೇ ಮೂರು ರಾಜ್ಯ ಆದ ಮೇಲೆ ಇನ್ನೂ ಜಾಸ್ತಿ ಒಪ್ಪುತ್ತೇನೆ.

ಆದರೆ ಅದೇ ಕೈ ಸುಲಭವಾಗಿ ಉದ್ದವಾಗುತ್ತದೆ. 2021ರ ಫೆಬ್ರವರಿಯಲ್ಲಿ ದೆಹಲಿ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಯುವ ಪರಿಸರ ಹೋರಾಟಗಾರ್ತಿಯನ್ನು ಮನೆಯಿಂದ ಕರೆದುಕೊಂಡು ಹೋದರು. ಮರುದಿನ ಅವಳು ನಿಂತದ್ದು ದೆಹಲಿಯ ಕೋರ್ಟಿನಲ್ಲಿ. ಇಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಟ್ರಾನ್ಸಿಟ್ ರಿಮಾಂಡ್, ಅಂದರೆ ಬೇರೆ ರಾಜ್ಯಕ್ಕೆ ಒಯ್ಯುವ ಅನುಮತಿ, ತಗೊಳ್ಳದೆ ಒಯ್ದರು ಅಂತ ಆಗ ವಕೀಲರು ತುಂಬಾ ಪ್ರಶ್ನೆ ಎತ್ತಿದರು. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು. ದೆಹಲಿ ಪೊಲೀಸ್ ಹೆಸರಿಗೆ ಒಂದು ಊರಿನ ಪೊಲೀಸ್. ಸಂವಿಧಾನದ 239ಎಎ ವಿಧಿ ಪ್ರಕಾರ ಅದು ದೆಹಲಿ ಮುಖ್ಯಮಂತ್ರಿಯ ಕೈಯಲ್ಲಿಲ್ಲ, ಕೇಂದ್ರ ಗೃಹ ಇಲಾಖೆ ಕೆಳಗಿದೆ. ಅಪ್ಪ ಆವತ್ತು ಯಾರ ಪರವೂ ಮಾತಾಡಲಿಲ್ಲ. "ಬೇರೆ ರಾಜ್ಯಕ್ಕೆ ಹೋದ್ರೆ ಮೊದಲು ಅಲ್ಲಿನ ಸ್ಟೇಷನ್‌ಗೆ ಹೋಗಿ, ಡೈರಿಲಿ ಬರೆಸಿ, ಅವರ ಪಿಸಿ ಒಬ್ಬನ್ನ ಜೊತೆಗೆ ಕರ್ಕೊಂಡು ಹೋಗಬೇಕು. ಧರ್ಮಪುರಿಗೆ ಹೋದಾಗ ನಾವು ಹಂಗೇ ಮಾಡಿದ್ದು. ಕಳ್ಳನ ಮನೆಗೇ ಆದ್ರೂ ಬಾಗಿಲು ತಟ್ಟಬೇಕು" ಅಂದರು.

ಒಂದು ಮಾತು ಹೇಳಿದರೆ ರಾಜ್ಯದ ಅಭಿಮಾನಿಗಳಿಗೆ ಸಿಟ್ಟು ಬರಬಹುದು. ಪೊಲೀಸ್ ನಮ್ಮದು, ದೆಹಲಿ ಕೈ ಹಾಕಬಾರದು ಅಂತ ಕೂಗುವ ನಾಯಕರಲ್ಲಿ ಎಷ್ಟು ಜನ ತಮ್ಮ ಕೈಯನ್ನು ಸ್ಟೇಷನ್ನಿನಿಂದ ಹೊರಗೆ ಇಡುತ್ತಾರೆ? ಪ್ರಕಾಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು. ಡಿಜಿಪಿಗೆ ಕನಿಷ್ಠ ಎರಡು ವರ್ಷ ಕೊಡಿ, ಇನ್‌ಸ್ಪೆಕ್ಟರ್‌ಗಳ ವರ್ಗಾವಣೆಗೆ ಮಂಡಳಿ ಮಾಡಿ, ತನಿಖೆ ಮತ್ತು ಬಂದೋಬಸ್ತ್ ಬೇರೆ ಮಾಡಿ ಅಂತ. ಇವತ್ತಿಗೂ ಒಳ್ಳೇ ಸ್ಟೇಷನ್ ಬೇಕಾದರೆ ಎಂಎಲ್‌ಎ ಮಿನಿಟ್, ಅಂದರೆ ಶಿಫಾರಸು ಚೀಟಿ, ಬೇಕು ಅನ್ನುವ ಮಾತು ಕ್ವಾರ್ಟರ್ಸ್‌ನ ನಲ್ಲಿ ಹತ್ತಿರ ಕೇಳಿಸುತ್ತದೆ. ನಾನು ಅಲ್ಲೇ ಬೆಳೆದವಳು, ನನಗೆ ಹೇಳಬೇಡಿ. ಅಧಿಕಾರ ದೆಹಲಿಯಲ್ಲಿ ಇರಬೇಕಾ ಬೆಂಗಳೂರಿನಲ್ಲಿ ಇರಬೇಕಾ ಅಂತ ದೊಡ್ಡವರು ಜಗಳ ಆಡುತ್ತಾರೆ. ಸ್ಟೇಷನ್ ಮೆಟ್ಟಿಲು ಹತ್ತಿದ ನಮ್ಮ ಮಾವನಂಥವರಿಗೆ ಬೇಕಾದದ್ದು ದೂರು ಬರೆದುಕೊಳ್ಳುವ ಒಬ್ಬ ರೈಟರ್.

ಮಾವನ ಕೇಸು ತಮಿಳುನಾಡಿಗೆ ಹೋಯಿತು. ಅಲ್ಲಿಂದ ಹೊಸ ನಂಬರ್ ಬಂತು. ಬ್ಯಾಗ್ ಬಂದಿಲ್ಲ. ಅತ್ತೆ ಚಿಕ್ಕಪೇಟೆಗೆ ಹೋಗಿ ಬೇರೆ ಭರಣಿ ತಂದಿದ್ದಾರೆ, ಮೊದಲಿನದಕ್ಕಿಂತ ಸಣ್ಣದು.

ಈಗ ಮನೆಯಲ್ಲಿ ಹೊಸ ಸಂಭ್ರಮ. ಅಣ್ಣನ ಮಗ ಪೊಲೀಸ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಎರಡೂ ಕಡೆ ತಯಾರಿ ಮಾಡುತ್ತಿದ್ದಾನೆ. ಒಂದು ನಮ್ಮ ಕೆಎಸ್‌ಪಿ ಸಿವಿಲ್ ಕಾನ್‌ಸ್ಟೆಬಲ್. ಇನ್ನೊಂದು ಎಸ್‌ಎಸ್‌ಸಿ ಜಿಡಿ. ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್ ಎಲ್ಲಕ್ಕೂ ಅದೇ ಪರೀಕ್ಷೆ. ಮೊದಲು ಅದು ಬರೀ ಹಿಂದಿ, ಇಂಗ್ಲಿಷಿನಲ್ಲಿ ಇತ್ತು. 2024ರಿಂದ ಕನ್ನಡದಲ್ಲೂ ಬರೆಯಬಹುದು. ಅಪ್ಪನಿಗೆ ಇದು ಬಹಳ ಖುಷಿ ಕೊಟ್ಟ ಸುದ್ದಿ. ಬೆಟ್ಟದಲ್ಲಿ ತನ್ನನ್ನು ನಿದ್ದೆಯಿಂದ ಎಬ್ಬಿಸಿದ ಹುಡುಗರ ಪೈಕಿ ಒಬ್ಬನಿಗಾದರೂ ಕನ್ನಡ ಬಂದಿದ್ದರೆ ಅಂತ ಈಗಲೂ ಹೇಳುತ್ತಾರೆ.

ಬೆಳಿಗ್ಗೆ ಐದೂವರೆಗೆ ಅಜ್ಜ ಮೊಮ್ಮಗ ಇಬ್ಬರೂ ಜ್ಞಾನಭಾರತಿ ಕಡೆ ಹೋಗುತ್ತಾರೆ. ರಾಜ್ಯದ ಕೆಲಸಕ್ಕೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಕೇಂದ್ರದ ಕೆಲಸಕ್ಕೆ 5 ಕಿಲೋಮೀಟರನ್ನು 24 ನಿಮಿಷದೊಳಗೆ. ಒಂದಕ್ಕೆ ವೇಗ ಬೇಕು, ಇನ್ನೊಂದಕ್ಕೆ ದಮ್ಮು. ಒಂದೇ ದಿನ ಎರಡನ್ನೂ ಓಡಲು ಆಗುವುದಿಲ್ಲ. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಇನ್ನೂ ಕತ್ತಲೆ. ಮರಗಳ ಕೆಳಗೆ ಮಂಜು. ಅಪ್ಪ ಮಫ್ಲರ್ ಸುತ್ತಿಕೊಂಡು, ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೆದು, ಬೆರಳು ಹಾಗೇ ಎತ್ತಿ ಹಿಡಿದುಕೊಂಡು ಕೇಳಿದರು:

"ಇವತ್ತು ಯಾವ ಸರ್ಕಾರದ್ದೋ?"

"ಡೆಲ್ಲಿದು ತಾತ."

"ಹಂಗಾದ್ರೆ ನಿಧಾನಕ್ಕೆ ಶುರು ಮಾಡು. ದೂರ ಇದೆ."